ಚಾರ್ಜ್ ಆಗುತ್ತದೆ, ಕಂಪ್ಯೂಟರ್‌ಗೆ ಮಾತ್ರ ಕಾಣುವುದಿಲ್ಲ

ಮಡಿಕೇರಿಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಕೆಲಸ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್‌ವರೆಗೂ ಮೇಜಿಗೆ ಬರುವ ದೂರುಗಳೇ ಬೇರೆ. ಸ್ಪೀಕರ್ ಗೊರಗೊರ ಅನ್ನುತ್ತದೆ, ಕ್ಯಾಮೆರಾ ಗಾಜಿನೊಳಗೆ ಹಬೆ ಕೂತಿದೆ, ಮತ್ತೆ ಇದೊಂದು: "ಚಾರ್ಜ್ ಆಗ್ತದೆ, ಕಂಪ್ಯೂಟರ್‌ಗೆ ಹಾಕಿದ್ರೆ ತೋರಿಸೋದಿಲ್ಲ." ಈ ಮಾತನ್ನು ನಾನು ಬಹಳ ಕಾಲ ತಪ್ಪಾಗಿ ಅರ್ಥ ಮಾಡಿಕೊಂಡೆ. ಚಾರ್ಜ್ ಆಗುತ್ತದೆ ಅಂದ ಕೂಡಲೇ ಕೇಬಲ್ ಸರಿ, ಪೋರ್ಟ್ ಸರಿ ಎಂದು ತೀರ್ಮಾನಿಸಿ ಸೀದಾ ಡ್ರೈವರ್‌ಗೆ, ಅಂದರೆ ಫೋನಿನ ಜೊತೆ ಮಾತಾಡಲು ಕಂಪ್ಯೂಟರ್‌ನಲ್ಲಿರುವ ಸಾಫ್ಟ್‌ವೇರ್‌ಗೆ, ಕೈ ಹಾಕುತ್ತಿದ್ದೆ. ಆ ಅಭ್ಯಾಸ ಬಿಡಿಸಿದ್ದು ಮಕ್ಕಂದೂರು ಕಡೆಯಿಂದ ಬಂದ ಒಬ್ಬ ಅಮ್ಮ.

ಪ್ಲಾಸ್ಟಿಕ್ ಕವರ್‌ನಲ್ಲಿ ಎರಡು ಸುತ್ತು ಸುತ್ತಿದ ಹಳೇ ಫೋನನ್ನು ಮೇಜಿನ ಮೇಲಿಟ್ಟರು. ತೀರಿಹೋದ ಯಜಮಾನರದ್ದಂತೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ, ಕಾಫಿ ಒಣಗಿಸುವ ಕಣ ಎರಡೂ ಹೋದವು. ಉಟ್ಟ ಬಟ್ಟೆಯಲ್ಲಿ ಹೊರಟಾಗ ಯಜಮಾನರ ಜೇಬಿನಲ್ಲಿ ಈ ಫೋನಿತ್ತು. ಆ ಮನೆಯ ಫೋಟೋ ಅಂತ ಉಳಿದಿದ್ದರೆ ಇದರೊಳಗೆ ಮಾತ್ರ. ತೋಟದಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ಹಾಗಾಗಿ ಯಾವುದೂ ಗೂಗಲ್‌ಗೆ ಹೋಗಿರಲಿಲ್ಲ, ಮೆಮೊರಿ ಕಾರ್ಡ್ ಕೂಡ ಹಾಕಿರಲಿಲ್ಲ. ಆಮೇಲೆ ಯಾವಾಗಲೋ ಬಿದ್ದು ಟಚ್ ಸತ್ತಿದೆ. ಡಿಸ್‌ಪ್ಲೇ ಬೆಳಗುತ್ತದೆ, ಬೆರಳಿಗೆ ಸ್ಪಂದಿಸುವುದಿಲ್ಲ. ಆ ಮಾಡೆಲ್‌ನ ಡಿಸ್‌ಪ್ಲೇ ನಮಗೆ ಎಲ್ಲೂ ಸಿಗಲಿಲ್ಲ. ಬೇರೊಂದು ಅಂಗಡಿಯಲ್ಲಿ "ಬೋರ್ಡ್ ಹೋಗಿದೆ", ಅಂದರೆ ಫೋನಿನ ಮುಖ್ಯ ಸರ್ಕ್ಯೂಟೇ ಕೆಟ್ಟಿದೆ ಎಂದು ವಾಪಸ್ ಕಳಿಸಿದ್ದರು.

ಕೈಗೆ ಸಿಕ್ಕ ಕೇಬಲ್ ಹಾಕಿದೆ. ಫೋನಿನಲ್ಲಿ ಚಾರ್ಜಿಂಗ್ ಗುರುತು ಬಂತು, ಕಂಪ್ಯೂಟರ್ ಸುಮ್ಮನೆ ಕೂತಿತು. ಕಂಪ್ಯೂಟರ್‌ಗೆ ಸಿಕ್ಕಿಸಿದ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದೆ, ಹಳೇ ಎಂಟ್ರಿಗಳನ್ನು ಅನ್‌ಇನ್‌ಸ್ಟಾಲ್ ಮಾಡಿದೆ, ರೀಸ್ಟಾರ್ಟ್ ಮಾಡಿದೆ, ಡ್ರೈವರ್ ಮತ್ತೆ ಹಾಕಿದೆ. ಹತ್ತಿರ ಹತ್ತಿರ ಒಂದು ಗಂಟೆ ಹೋಯಿತು. ಕೊನೆಗೆ ನಾನೂ ಅದನ್ನೇ ಹೇಳಿದೆ: "ಬೋರ್ಡ್ ಹೋಗಿರಬೇಕು ಅಮ್ಮ."

"ಬೋರ್ಡ್ ಹೋದ್ರೆ ಚಾರ್ಜ್ ಹೇಗೆ ಆಗ್ತದೆ ಮಗ?"

ನನಗೆ ಉತ್ತರ ಹೊಳೆಯಲಿಲ್ಲ. ಚಾರ್ಜ್ ಆಗಲು ಏನೇನು ಬೇಕು, ಕಂಪ್ಯೂಟರ್‌ಗೆ ಕಾಣಲು ಅದಕ್ಕಿಂತ ಹೆಚ್ಚಿಗೆ ಏನು ಬೇಕು ಎಂದು ಆವರೆಗೆ ಬಿಡಿಸಿ ಯೋಚಿಸಿಯೇ ಇರಲಿಲ್ಲ. ಸಾಮಾನ್ಯ ಯುಎಸ್‌ಬಿ 2.0 ಕೇಬಲ್ಲಿನೊಳಗೆ 4 ತಂತಿ ಇರುತ್ತವೆ. ಕೆಂಪು, ಕಪ್ಪು ಕರೆಂಟಿಗೆ. ಹಸಿರು, ಬಿಳಿ ಡೇಟಾಗೆ. ಫೋನು ತಾನು ಬಂದಿದ್ದೇನೆ ಎಂದು ಕಂಪ್ಯೂಟರ್‌ಗೆ ತಿಳಿಸುವುದು ಡೇಟಾ ತಂತಿಯಲ್ಲೇ. ಆಮೇಲೆ ಕಂಪ್ಯೂಟರ್ "ನೀನು ಯಾರು" ಎಂದು ಕೇಳುತ್ತದೆ, ಫೋನು ತನ್ನ ವಿವರ ಕಳಿಸುತ್ತದೆ. ಆ ಎರಡು ತಂತಿಯ ದಾರಿ ಎಲ್ಲಿ ಕಡಿದರೂ ಫೋನು ಆರಾಮವಾಗಿ ಚಾರ್ಜ್ ಆಗುತ್ತಲೇ ಇರುತ್ತದೆ.

ಅದೇ ಕೇಬಲ್ಲಿಗೆ ನನ್ನ ಸ್ವಂತ ಫೋನು ಹಾಕಿ ನೋಡಿದೆ. ಅದೂ ಕಾಣಲಿಲ್ಲ! ಯಾವುದೋ ಪವರ್ ಬ್ಯಾಂಕ್ ಜೊತೆ ಬಂದ ಕೇಬಲ್ ಅದು. ಆಮೇಲೆ ಕತ್ತರಿಸಿ ನೋಡಿದರೆ ಒಳಗೆ ಎರಡೇ ತಂತಿ. ಒಂದು ಗಂಟೆ ನಾನು ಡ್ರೈವರ್ ಹುಡುಕಿದ್ದು ಡೇಟಾ ತಂತಿಯೇ ಇಲ್ಲದ ಕೇಬಲ್ ಇಟ್ಟುಕೊಂಡು. ಆ ಅಮ್ಮ ಅಷ್ಟೂ ಹೊತ್ತು ಸ್ಟೂಲ್ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಅದು ನನಗೆ ಈಗಲೂ ನೋವು ಕೊಡುತ್ತದೆ.

ಒಳ್ಳೆಯ ಕೇಬಲ್ ಹಾಕಿದಾಗ ನನ್ನ ಫೋನು ಕಾಣಿಸಿತು, ಅವರದ್ದು ಆಗಲೂ ಇಲ್ಲ. ಈಗ ಭೂತಗನ್ನಡಿ ತೆಗೆದು ಪೋರ್ಟ್ ನೋಡಿದೆ. ಹಳೇ ಮೈಕ್ರೋ ಯುಎಸ್‌ಬಿ, ಸಾಲಾಗಿ 5 ಪಿನ್. ಎರಡು ಅಂಚಿನವು ಕರೆಂಟಿನವು, ಅವು ಮಂಕಾಗಿದ್ದರೂ ಲೋಹ ಕಾಣುತ್ತಿತ್ತು. ನಡುವಿನ ಮೂರರ ಮೇಲೆ ಹಸಿರು ಕಿಲುಬು. ಅದರಲ್ಲಿ ಎರಡು ಡೇಟಾ ಪಿನ್, ಇನ್ನೊಂದು ಒಟಿಜಿ (ಫೋನಿಗೇ ಮೌಸ್, ಪೆನ್‌ಡ್ರೈವ್ ಸಿಕ್ಕಿಸುವ ವ್ಯವಸ್ಥೆ) ಗುರುತಿಸುವ ಪಿನ್. ಅರೆಬರೆ ತಾಗಿದರೂ ಕರೆಂಟು ನಿಧಾನಕ್ಕೆ ಹರಿಯುತ್ತದೆ. ಡೇಟಾ ಹಾಗೆ ಅರೆಬರೆಯಲ್ಲಿ ನಡೆಯುವುದಿಲ್ಲ. ನಮ್ಮ ಊರಿನ ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟ ಫೋನು ಬಿಟ್ಟೀತೇ?

ಸ್ವಿಚ್ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಮೆತ್ತನೆ ಬ್ರಷ್ಷಿನಲ್ಲಿ ಮೂರು ಸಲ ಉಜ್ಜಿದೆ. ಪಿನ್ನು, ಸೂಜಿ ಹಾಕಿ ಕೆರೆಯುವವರನ್ನು ನೋಡಿದ್ದೇನೆ; ದಯವಿಟ್ಟು ಬೇಡ. ಪಿನ್ ಬಾಗಿದರೆ, ಕರೆಂಟಿದ್ದಾಗ ಎರಡು ತಾಗಿದರೆ, ಇದ್ದದ್ದೂ ಹೋಗುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ಬೇಡ. ಅಕ್ಕಿಯ ಹುಡಿ ಪೋರ್ಟ್ ಒಳಗೆ ಸೇರುತ್ತದೆ, ಆ್ಯಪಲ್ ಕಂಪನಿಯೇ ಐಫೋನ್ ವಿಷಯದಲ್ಲಿ ಇದನ್ನು ಮಾಡಬೇಡಿ ಅನ್ನುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದವರೂ ಇದ್ದಾರೆ, ಬ್ಯಾಟರಿಗೆ ಅದು ತೀರಾ ಅಪಾಯ. ಫ್ಯಾನ್ ಗಾಳಿ ಸಾಕು. "ನಾಳೆ ಬನ್ನಿ ಅಮ್ಮ, ಇಂದು ರಾತ್ರಿ ಒಣಗಲಿ" ಎಂದು ಕಳಿಸಿದೆ.

ಅಂದಿನಿಂದ ನಾನು ಮೊದಲು ಗಮನಿಸುವುದು ಕೇಬಲ್ ಹಾಕಿದಾಗ ಕಂಪ್ಯೂಟರ್ ಏನು ಮಾಡುತ್ತದೆ ಎಂಬುದನ್ನು. ಸದ್ದೇ ಇಲ್ಲ, ಏನೂ ಕಾಣುವುದಿಲ್ಲ ಅಂದರೆ ಡೇಟಾ ಫೋನಿನಿಂದ ಕಂಪ್ಯೂಟರ್‌ವರೆಗೆ ತಲುಪಿಯೇ ಇಲ್ಲ: ಕೇಬಲ್ ಬದಲಿಸಿ, ಪೋರ್ಟ್‌ನ ಕಸ ತೆಗೆಯಿರಿ, ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದ್ದಕ್ಕೆ ನೇರ ಹಾಕಿ. ಡ್ರೈವರ್‌ನ ಮಾತು ಇನ್ನೂ ಬಂದೇ ಇಲ್ಲ. "ಅನ್‌ನೋನ್ ಯುಎಸ್‌ಬಿ ಡಿವೈಸ್" ಅಂತ ಬಂದರೆ ಫೋನು ಬಂದದ್ದು ಗೊತ್ತಾಗಿದೆ, ವಿವರ ಸರಿಯಾಗಿ ಸಿಕ್ಕಿಲ್ಲ. ಆಗಲೂ ಮೊದಲ ಅನುಮಾನ ಕೇಬಲ್ಲಿನ ಮೇಲೆ, ಆಮೇಲೆ ಎರಡನ್ನೂ ರೀಸ್ಟಾರ್ಟ್ ಮಾಡಿ ನೋಡುವುದು, ಡ್ರೈವರ್ ಅದರ ಆಮೇಲೆ. ಫೋನಿನ ಹೆಸರು ಕಂಡು ಒಳಗೆ ಖಾಲಿ ಇದ್ದರೆ ರಿಪೇರಿಯೇ ಬೇಡ. ಆಂಡ್ರಾಯ್ಡ್ 6ರಿಂದ ಈಚಿನ ಫೋನುಗಳು ಕೇಬಲ್ ಹಾಕಿದಾಗ ಸುಮ್ಮನೆ ಚಾರ್ಜ್ ಮಾತ್ರ ತೆಗೆದುಕೊಳ್ಳುತ್ತವೆ. ಲಾಕ್ ತೆಗೆದು, ಮೇಲಿನಿಂದ ನೋಟಿಫಿಕೇಶನ್ ಎಳೆದು, "ಫೈಲ್ ಟ್ರಾನ್ಸ್‌ಫರ್" ಒತ್ತಬೇಕು. ಐಫೋನ್ ಆದರೆ ಈ ಕಂಪ್ಯೂಟರನ್ನು ನಂಬಬೇಕೇ ಎಂದು ಕೇಳುತ್ತದೆ, "ಟ್ರಸ್ಟ್" ಒತ್ತಿ ಪಾಸ್‌ಕೋಡ್ ಕೊಡಬೇಕು. ಇಷ್ಟಕ್ಕಾಗಿ ಗೋಣಿಕೊಪ್ಪದಿಂದ ಬಸ್ಸು ಹತ್ತಿ ಬಂದವರನ್ನು ನೋಡಿದ್ದೇನೆ. ಅವರ ಹತ್ತಿರ ದುಡ್ಡು ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ.

ಯಾರಾದರೂ "ಒಂದು ಸಲ ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ" ಅಂದರೆ ಒಪ್ಪಬೇಡಿ. ಫೋಟೋ ತೆಗೆಯಲೆಂದೇ ಕಂಪ್ಯೂಟರ್‌ಗೆ ಹಾಕಿರುತ್ತೇವೆ, ರೀಸೆಟ್ ಆದರೆ ಆ ಫೋಟೋಗಳೇ ಇರುವುದಿಲ್ಲ.

ಮರುದಿನ ಅಮ್ಮ ಅಂಗಡಿ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದರು. ಕೇಬಲ್ ಹಾಕಿದೆ, ಕಂಪ್ಯೂಟರ್ ಟಣ್ ಅಂದಿತು. ಫೋನಿನ ಹೆಸರು ಬಂತು, ಒಳಗೆ ಖಾಲಿ. ಲಾಕ್ ಇದೆ, ಪ್ಯಾಟರ್ನ್ ಅಮ್ಮನಿಗೆ ಗೊತ್ತು, ಎಳೆಯಲು ಟಚ್ ಇಲ್ಲ. ಆದರೆ ಡೇಟಾ ಪಿನ್ ಜೀವ ಪಡೆದಿದೆಯಲ್ಲ! ಒಟಿಜಿ ಅಡಾಪ್ಟರ್‌ಗೆ ಮೌಸ್ ಸಿಕ್ಕಿಸಿದೆ. ಪರದೆಯ ಮೇಲೆ ಸಣ್ಣ ಬಾಣ ಮೂಡಿತು. ಅಮ್ಮ ಹೇಳಿದಂತೆ ಮೌಸ್ ಒತ್ತಿ ಹಿಡಿದು ಪ್ಯಾಟರ್ನ್ ಎಳೆದೆ, ಲಾಕ್ ಬಿಟ್ಟಿತು.

ಇನ್ನೊಂದು ತೊಡಕು. ಫೋನಿಗೆ ಇರುವುದು ಒಂದೇ ಪೋರ್ಟ್; ಮೌಸ್ ತೆಗೆದು ಕಂಪ್ಯೂಟರ್ ಕೇಬಲ್ ಹಾಕಿದರೆ "ಫೈಲ್ ಟ್ರಾನ್ಸ್‌ಫರ್" ಒತ್ತುವವರು ಯಾರು? ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ಇವರಿಗೆ ಬೇಕಾದ್ದು ಫೋಟೋ, ಕಂಪ್ಯೂಟರ್ ಅಲ್ಲವೇ ಅಲ್ಲ. ಒಟಿಜಿಗೆ ಒಂದು ಪೋರ್ಟನ್ನು ಹಲವಾಗಿಸುವ ಸಣ್ಣ ಯುಎಸ್‌ಬಿ ಹಬ್ ಹಾಕಿ, ಅದಕ್ಕೆ ಮೌಸ್ ಒಂದು, ಪೆನ್‌ಡ್ರೈವ್ ಒಂದು ಸಿಕ್ಕಿಸಿದೆ. ಫೈಲ್ ಮ್ಯಾನೇಜರ್ ತೆರೆದು ಕ್ಯಾಮೆರಾ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಕಂಪ್ಯೂಟರ್‌ನಲ್ಲಿ ತೆರೆದು ಒಂದೊಂದಾಗಿ ತೋರಿಸಿದೆ. ಕಣದಲ್ಲಿ ಹರಡಿದ ಕಾಫಿ, ಹೆಂಚಿನ ಮಾಡು, ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ, ಸುಗ್ಗಿ ಹಬ್ಬ ಪುತ್ತರಿಯ ದಿನ ಕದಿರು ಹಿಡಿದು ನಿಂತ ಯಜಮಾನರು. ಅಮ್ಮ ಮಾತಾಡಲಿಲ್ಲ. ಕಣದ ಫೋಟೋ ಬಂದಾಗ ಮಾತ್ರ ಪರದೆಯ ಮೂಲೆಗೆ ಬೆರಳಿಟ್ಟು "ಇಲ್ಲಿ ಹಲಸಿನ ಮರ ಇತ್ತು, ಅರ್ಧ ಬಂದಿದೆ ನೋಡು" ಅಂದರು.

ಮೈಸೂರಿನಲ್ಲಿರುವ ಮಗಳಿಗೆಂದು ಇನ್ನೊಂದು ಪೆನ್‌ಡ್ರೈವ್‌ಗೂ ಹಾಕಿಕೊಟ್ಟೆ. ಹೊರಡುವಾಗ ಫೋನನ್ನು ಅದೇ ಪ್ಲಾಸ್ಟಿಕ್‌ನಲ್ಲಿ ಸುತ್ತತೊಡಗಿದರು. "ದಾರಿಯಲ್ಲಿ ಮಳೆಗೆ ಆಯ್ತು ಅಮ್ಮ, ಮನೆ ಸೇರಿದ ಕೂಡಲೇ ಬಿಚ್ಚಿ ಬಟ್ಟೆಯಲ್ಲಿಡಿ, ತೇವ ಒಳಗೇ ಕೂರ್ತದೆ" ಅಂದೆ. ತಲೆಯಾಡಿಸಿ, ಕೊಡೆ ಬಿಡಿಸಿ, ಬಸ್ ಸ್ಟ್ಯಾಂಡಿನ ಕಡೆ ಇಳಿದು ಹೋದರು.