ತೊಗರಿ ಹೊಲದ ಫೋಟೊ, ವಾಟ್ಸ್‌ಆ್ಯಪ್ ಪಾಠ

ಕಲಬುರಗಿ, 9 ಅಕ್ಟೋಬರ್ 2024, ಬುಧವಾರ

ತೊಗರಿ ಮೊಗ್ಗು ಬಿಡುವ ಹೊತ್ತು. ಕೃಷಿ ಓದುವ ಮಕ್ಕಳ ವಾಟ್ಸ್‌ಆ್ಯಪ್ ಗ್ರೂಪಿಗೆ ಬಾಡಿದ ಗಿಡದ ಫೋಟೊ ಬರುತ್ತಿವೆ, ಜೊತೆಗೆ ಒಂದೇ ಸಾಲು: ‘ಇದು ನೆಟೆ ರೋಗ ಏನ್ರಿ ಸರ್? ಏನ್ ಹೊಡೀಬೇಕ್ರಿ?’ ಒಂದು ಫೋಟೊ ನೋಡಿ ಇದಕ್ಕೆ ಉತ್ತರ ಕೊಡಲೇಬಾರದು. ಎರೆ ಹೊಲದಲ್ಲಿ ನೀರು ನಿಂತು ಬೇರು ಕೊಳೆತರೂ ಗಿಡ ಹೀಗೆಯೇ ಬಾಡುತ್ತದೆ.

ಒಂದು ಗಿಡಕ್ಕೆ ಐದು ಫೋಟೊ ಕೇಳಬೇಕು: ಹೊಲದ ನೋಟ, ಪೂರ್ತಿ ಗಿಡ, ಎಲೆ, ಬುಡ, ಸೀಳಿದ ಕಾಂಡ. ತಗ್ಗಿನಲ್ಲಿರುವ ಗಿಡಗಳೆಲ್ಲ ಒಟ್ಟಿಗೆ ಬಾಡಿದ್ದರೆ ಮೊದಲು ನೀರಿನ ಮೇಲೆ ಅನುಮಾನ ಪಡಬೇಕು. ಕೊನೆಯ ಎರಡು ಫೋಟೊ ಇಲ್ಲದೆ ನೆಟೆ ಗುರುತಿಸುವುದು ಬರೀ ಊಹೆ. ನೆಟೆ ತರುವ ಫ್ಯುಸೇರಿಯಂ ಶಿಲೀಂಧ್ರ ಹೊಕ್ಕಿದ್ದರೆ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಏರಿರುತ್ತದೆ; ಕಾಂಡ ಸೀಳಿದರೆ ಒಳಗೆ ಕಂದು-ಕಪ್ಪು ಗೆರೆಗಳು. ನೀರು ಹರಿಯುವ ನಾಳವೇ ಕಟ್ಟಿಹೋಗುವುದರಿಂದ ನೆಲದಲ್ಲಿ ಹಸಿ ಇದ್ದರೂ ಗಿಡ ಬಾಡುತ್ತದೆ. ಆ ಹಂತದಲ್ಲಿ ಹೊಡೆಯುವ ಔಷಧಿ ಹಣ ದಂಡ. ಮುಂದಿನ ವರ್ಷದ ತಳಿ, ಬೀಜೋಪಚಾರ, ಬೆಳೆ ಬದಲಾವಣೆಯ ಮಾತು ಅಲ್ಲಿಂದಲೇ ಶುರುವಾಗಬೇಕು.

ಗೊಡ್ಡು ರೋಗದ ಗಿಡ ಬಾಡುವುದಿಲ್ಲ. ಹಸಿರಾಗಿ ಪೊದೆಯಂತೆ ಬೆಳೆದು ಹೂ ಬಿಡದೆ ನಿಲ್ಲುತ್ತದೆ, ಎಲೆ ಸಣ್ಣದಾಗಿ ತಿಳಿ-ಗಾಢ ಹಸಿರು ಮಚ್ಚೆ. ಈ ರೋಗದ ವೈರಸ್ ಹರಡುವ ನುಸಿ ಬರಿಗಣ್ಣಿಗೆ ಕಾಣದು, ಫೋನಿನ ಜೂಮ್‌ಗೂ ಸಿಗದು. ‘ನುಸಿ ಕಾಣಲಿಲ್ಲ, ಅದಕ್ಕೆ ಗೊಡ್ಡು ರೋಗ ಅಲ್ಲ’ ಎಂದು ಬರೆಯುವ ಮಕ್ಕಳಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು.

ಕಾಯಿಕೊರಕ ಹುಳದ ಮೊಟ್ಟೆ ಸುಮಾರು ಅರ್ಧ ಮಿಲಿಮೀಟರ್, ಮೊಗ್ಗಿನ ಮೇಲೆ ಒಂಟಿಯಾಗಿ, ಹಳದಿ ಮಿಶ್ರಿತ ಬಿಳಿ. ಕ್ಯಾಮೆರಾ ಅದನ್ನು ಬಿಟ್ಟು ಹಿಂದಿನ ಗಿಡಕ್ಕೆ ಫೋಕಸ್ ಮಾಡುತ್ತದೆ. ಮೊಗ್ಗಿನ ಹಿಂದೆ ಅಂಗೈ ಹಿಡಿಯಿರಿ, ಮೈಯ ನೆರಳು ಬೀಳಿಸಿ, ಪರದೆಯಲ್ಲಿ ಮೊಟ್ಟೆಯ ಮೇಲೆ ಬೆರಳೊತ್ತಿ, ಆಮೇಲೆ ಕ್ಲಿಕ್ ಮಾಡಿ. ಕಳಿಸುವಾಗ ಗ್ಯಾಲರಿಯಿಂದ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ, ದೊಡ್ಡದು ಮಾಡಿ ನೋಡಿದರೆ ಮೊಟ್ಟೆ ಮಸುಕಾದ ಚುಕ್ಕೆ. ಆದರೆ ಡಾಕ್ಯುಮೆಂಟ್‌ನಲ್ಲಿ ಹೊಲದ ಲೊಕೇಶನ್ ಉಳಿದಿರಬಹುದು. ರೈತರನ್ನು ಕೇಳದೆ ಹೊರಗಿನ ಗ್ರೂಪಿಗೆ ಹಾಕಬೇಡಿ.

ಫೋಟೊ ಹಾಕಿ ‘ಇದು ಯಾವ ರೋಗ’ ಎಂದು ಮಕ್ಕಳನ್ನು ಗ್ರೂಪಿನಲ್ಲೇ ಕೇಳಿದರೆ ಮೊದಲು ಬರೆದವನದ್ದನ್ನೇ ಉಳಿದವರು ಬರೆಯುತ್ತಾರೆ. ಪೋಲ್‌ನಲ್ಲೂ ಅದೇ ಕಥೆ, ಯಾವುದಕ್ಕೆ ಎಷ್ಟು ವೋಟು ಬಿತ್ತೆಂದು ಎಲ್ಲರಿಗೂ ಕಾಣುತ್ತದೆ. ಸಂಜೆ ಫೋಟೊ ಹಾಕಿ ‘ಅಡ್ಮಿನ್ ಮಾತ್ರ’ ಮಾಡಿಟ್ಟು, ಉತ್ತರವನ್ನು ಕಾರಣ ಸಮೇತ ಪ್ರತ್ಯೇಕವಾಗಿ ತರಿಸಿಕೊಂಡು, ಮರುದಿನ ಚರ್ಚೆಗೆ ಬಿಡುವುದೇ ಸರಿ. ಔಷಧಿಯ ಹೆಸರು ಕೊನೆಗೆ.

ಫಾರ್ವರ್ಡ್ ಆಗಿ ಬರುವ ಔಷಧಿ ಮೆಸೇಜುಗಳಲ್ಲಿ ‘ಲೀಟರ್‌ಗೆ’ ಅನ್ನುವುದು ‘ಟ್ಯಾಂಕಿಗೆ’ ಆಗಿರುತ್ತದೆ. ಈ ವಾರದ ಲೆಕ್ಕ: ಹೂ ಹಂತಕ್ಕೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ (ಗಿಡಕ್ಕೆ ಸಿಂಪಡಿಸುವ ಪೋಷಕಾಂಶ ಮಿಶ್ರಣ) ಲೀಟರ್‌ಗೆ 10 ಗ್ರಾಂ, ಎಕರೆಗೆ 200 ಲೀಟರ್ ನೀರು. 16 ಲೀಟರಿನ ಟ್ಯಾಂಕಿಗೆ ಎಷ್ಟು? 160 ಗ್ರಾಂ, ಎಕರೆಗೆ ಹನ್ನೆರಡೂವರೆ ಟ್ಯಾಂಕ್, ಒಟ್ಟು 2 ಕೆ.ಜಿ. ಅದೇ 2 ಕೆ.ಜಿ.ಯನ್ನು ಆರೇ ಟ್ಯಾಂಕಿನಲ್ಲಿ ಮುಗಿಸಿದರೆ ದ್ರಾವಣ ಸುಮಾರು ಎರಡು ಪಟ್ಟು ಗಟ್ಟಿ. ಈ ಲೆಕ್ಕ ತಪ್ಪುವ ವಿದ್ಯಾರ್ಥಿ ರೈತರಿಗೆ ಸಲಹೆ ಕೊಡುವಂತಿಲ್ಲ.

ನಾಳೆಯಿಂದ ಮೋಹಕ ಬಲೆಯ (ಹೆಣ್ಣು ಪತಂಗದ ವಾಸನೆಯಿಂದ ಕಾಯಿಕೊರಕದ ಗಂಡು ಪತಂಗ ಸೆಳೆಯುವ ಬಲೆ) ಎಣಿಕೆ. ಬಲೆ ಗಿಡದ ತುದಿಗಿಂತ ಒಂದಡಿ ಮೇಲಿರಲಿ. ತಾರೀಖು, ಬಲೆಯ ನಂಬರು, ಬಿದ್ದ ಪತಂಗ, ಈ ಮೂರು ಕಾಲಂ ಸಾಕು. ಎಣಿಸಿದ ಕೂಡಲೇ ಪತಂಗ ತೆಗೆದುಬಿಡಿ, ಇಲ್ಲವಾದರೆ ಮರುದಿನ ಅವೇ ಮತ್ತೆ ಲೆಕ್ಕಕ್ಕೆ ಬರುತ್ತವೆ.