ಕಡಿಮೆ ಬೆಲೆಯ ನ್ಯಾಚುರಲ್ ನೈಟ್ ಕ್ರೀಮ್ ಯಾವುದು?

"ಅಕ್ಕಾ, ನ್ಯಾಚುರಲ್ ಆಗಿರೋ ನೈಟ್ ಕ್ರೀಮ್ ಒಂದು ಹೇಳಿ, ಮುನ್ನೂರು ರೂಪಾಯಿ ಒಳಗೆ." ಶಿರಸಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ನನಗೆ ಈ ಪ್ರಶ್ನೆ ಬಾರದ ವಾರವಿಲ್ಲ. ಚಳಿ ಶುರುವಾದರಂತೂ ಕೆಮ್ಮಿನ ಸಿರಪ್ಪಿಗೆ ಬಂದವರೂ ಹೋಗುವಾಗ ಇದನ್ನೊಂದು ಕೇಳಿಯೇ ಹೋಗುತ್ತಾರೆ. ಹಿಂದೆ ಇನ್ನೊಬ್ಬರು ಚೀಟಿ ಹಿಡಿದು ನಿಂತಿರುವಾಗ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹೇಳುವುದಿಲ್ಲ. ಒಬ್ಬರಿಗೆ ಹೊಂದಿದ ಕ್ರೀಮ್ ಇನ್ನೊಬ್ಬರಿಗೆ ಮುಖದ ತುಂಬ ಮೊಡವೆ ತರಬಹುದು. ಡಬ್ಬಿಯ ಹಿಂಭಾಗ ಓದುವುದನ್ನು ಕಲಿತರೆ ನನ್ನನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ.

ಮುಂಭಾಗದಲ್ಲಿ ಕೇಸರಿ, ಬಾದಾಮಿ, ಲೋಳೆಸರದ ಚಿತ್ರಗಳಿರುತ್ತವೆ. ಹಿಂದೆ ಸಣ್ಣ ಅಕ್ಷರದಲ್ಲಿ ಸಾಮಗ್ರಿಗಳ ಪಟ್ಟಿ ಇರುತ್ತದೆ. ಯಾವುದು ಜಾಸ್ತಿ ಇದೆಯೋ ಅದು ಮೊದಲು, ಕಡಿಮೆ ಇರುವುದು ಆಮೇಲೆ. 1%ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಸಾಮಾನ್ಯವಾಗಿ ಮೊದಲ ಹೆಸರು 'ಆಕ್ವಾ', ಅಂದರೆ ನೀರು. ಆ ಸಾಲಿನಲ್ಲಿ 'ಫಿನಾಕ್ಸಿಎಥನಾಲ್' ಅನ್ನುವ ಹೆಸರು ಹುಡುಕಿ. ಅದು ಕೆಡದಂತೆ ಕಾಯುವ ವಸ್ತು, 1%ಕ್ಕಿಂತ ಹೆಚ್ಚು ಹಾಕುವುದಿಲ್ಲ. ಕೇಸರಿಯ ಹೆಸರು ಅದರ ನಂತರ ಬಂದರೆ ಕೇಸರಿ ಎಷ್ಟಿರಬಹುದು ಅಂತ ನೀವೇ ಲೆಕ್ಕ ಹಾಕಿ. ಒಳ್ಳೆಯ ಕೇಸರಿ ಗ್ರಾಂ ಒಂದಕ್ಕೇ ನೂರಾರು ರೂಪಾಯಿ. ಇನ್ನೂರೈವತ್ತು ರೂಪಾಯಿಯ ಡಬ್ಬಿಗೆ ಅದನ್ನು ಯಾರಾದರೂ ಧಾರಾಳವಾಗಿ ಸುರಿಯುತ್ತಾರಾ?

ಆಯುರ್ವೇದದ ಲೈಸೆನ್ಸ್ ಇರುವ ಕ್ರೀಮಿನಲ್ಲಿ ಇನ್ನೊಂದು ಅನುಕೂಲವಿದೆ. ಅದರಲ್ಲಿ ಪ್ರತಿ ಗಿಡಮೂಲಿಕೆಯೂ ಎಷ್ಟೆಷ್ಟು ಇದೆ ಅಂತ ಮಿಲಿಗ್ರಾಂ ಅಥವಾ ಶೇಕಡಾ ಲೆಕ್ಕದಲ್ಲಿ ಬರೆದಿರುತ್ತಾರೆ. ಕೊನೆಗೆ 'ಕ್ರೀಮ್ ಬೇಸ್ ಕ್ಯೂ.ಎಸ್.' ಅಂತ ಇರುತ್ತದೆ. ಉಳಿದದ್ದೆಲ್ಲ ಬೇಸ್, ಅಂದರೆ ಮೂಲಿಕೆ ಬೆರೆಸುವ ಸಾದಾ ಕ್ರೀಮ್ ಅಂತ ಅದರರ್ಥ. ಹತ್ತು ಮೂಲಿಕೆಗಳ ಹೆಸರು ಓದಿ ಖುಷಿಪಡುವ ಮೊದಲು ಅವೆಲ್ಲ ಕೂಡಿ ಎಷ್ಟಾಯಿತು ನೋಡಿ.

ಹಾಗಾದರೆ ನೋಡಬೇಕಾದದ್ದು ಏನು? ಗ್ಲಿಸರಿನ್. ಇದಕ್ಕೆ ಗ್ಲಾಮರ್ ಇಲ್ಲ, ಡಬ್ಬಿಯ ಮೇಲೆ ಯಾರೂ ಇದರ ಚಿತ್ರ ಹಾಕುವುದಿಲ್ಲ. ಆದರೆ ಚರ್ಮದಲ್ಲಿ ನೀರು ಹಿಡಿದಿಡುವ ಕೆಲಸ ಇದರದ್ದೇ. ಇದನ್ನು ಸಸ್ಯದ ಎಣ್ಣೆಯಿಂದಲೂ ತೆಗೆಯುತ್ತಾರೆ, ಅಗ್ಗವೂ ಹೌದು. ಪಟ್ಟಿಯ ಎರಡನೇ ಮೂರನೇ ಜಾಗದಲ್ಲಿದ್ದರೆ ಒಳ್ಳೆಯದು. ಆ ನೀರು ಆರಿ ಹೋಗದಂತೆ ಮೇಲಿಂದ ಮುಚ್ಚಲು ಒಂದು ಎಣ್ಣೆಯೋ ಬೆಣ್ಣೆಯಂಥದ್ದೋ ಬೇಕು. ಬಾದಾಮಿ, ಸೂರ್ಯಕಾಂತಿ, ಶಿಯಾ, ಯಾವುದಾದರೂ ನಡೆಯುತ್ತದೆ.

ನನ್ನ ಮೆಚ್ಚಿನದು ನಮ್ಮ ಮುರುಗಲು (ಕೋಕಂ) ತುಪ್ಪ. ಈ ಸೀಮೆಯವರಿಗೆ ಗೊತ್ತೇ ಇದೆ, ಹಿಮ್ಮಡಿ ಒಡೆದರೆ ಹಿರಿಯರು ಮೊದಲು ತೆಗೆಯುತ್ತಿದ್ದದ್ದೇ ಅದನ್ನು. ಬೀಜದಿಂದ ತೆಗೆದ, ಗಟ್ಟಿ ಮೇಣದಂಥ ಬಿಳಿ ಉಂಡೆ. ಚೂರು ಕೆರೆದು ಬೆರಳ ನಡುವೆ ತಿಕ್ಕಿದರೆ ಮೈಬಿಸಿಗೆ ಮೆತ್ತಗಾಗುತ್ತದೆ, ಕೊಬ್ಬರಿ ಎಣ್ಣೆಯಷ್ಟು ಜಿಡ್ಡು ಅನ್ನಿಸುವುದಿಲ್ಲ. ಕ್ರೀಮಿನ ಪಟ್ಟಿಯಲ್ಲಿ ಇದರ ಹೆಸರು 'ಗಾರ್ಸಿನಿಯಾ ಇಂಡಿಕಾ ಸೀಡ್ ಬಟರ್'. ಮೊದಲ ಐದಾರು ಹೆಸರುಗಳಲ್ಲಿ ಇದು ಕಂಡರೆ ನಾನಾದರೆ ಆ ಕ್ರೀಮನ್ನೇ ತೆಗೆದುಕೊಳ್ಳುತ್ತೇನೆ. ಮೊಡವೆ ಬರುವ ಮುಖಕ್ಕೆ ಕೊಬ್ಬರಿ ಎಣ್ಣೆ ಮಾತ್ರ ಬೇಡ, ಎಷ್ಟೇ ನ್ಯಾಚುರಲ್ ಆಗಿದ್ದರೂ.

ರೇಟನ್ನು ಗ್ರಾಂ ಲೆಕ್ಕದಲ್ಲಿ ನೋಡಿ. 15 ಗ್ರಾಂ ಟ್ಯೂಬಿಗೆ 120 ರೂಪಾಯಿ ಅಂದರೆ ಗ್ರಾಂಗೆ 8 ರೂಪಾಯಿ ಬಿತ್ತು. 50 ಗ್ರಾಂಗೆ 300 ಅಂದರೆ ಗ್ರಾಂಗೆ 6. ಇನ್ನು 'ನೈಟ್' ಅನ್ನುವ ಪದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಡೇ ಕ್ರೀಮಿನಲ್ಲಿ ಹೆಚ್ಚಾಗಿ ಸನ್‌ಸ್ಕ್ರೀನ್ ಇರುತ್ತದೆ, ನೈಟ್ ಕ್ರೀಮ್ ಸ್ವಲ್ಪ ದಪ್ಪ ಇರುತ್ತದೆ, ಅಷ್ಟೇ. ಸುಕ್ಕಿಗೆ ಅಂತ ಹಾಕುವ, ವಿಟಮಿನ್ ಎ ಜಾತಿಯ ರೆಟಿನಾಲ್ ಇದ್ದರೆ ಮಾತು ಬೇರೆ. ಅದನ್ನು ರಾತ್ರಿಯೇ ಹಚ್ಚಬೇಕು, ಗರ್ಭಿಣಿಯರು ಹಚ್ಚಲೇಬಾರದು. ಸುಕ್ಕಿಗೆ ಅಂತ ಬರುವ 'ಬಕುಚಿಯಾಲ್' ನಮ್ಮ ಬಾವಂಚಿ ಬೀಜದಿಂದ ತೆಗೆದದ್ದು, ಆದರೆ ಮುನ್ನೂರರೊಳಗೆ ಅದು ಹೆಸರಿಗಷ್ಟೇ ಇರುವ ಸಾಧ್ಯತೆ ಹೆಚ್ಚು.

'ಪ್ರಿಸರ್ವೇಟಿವ್ ಇಲ್ಲ' ಅಂತ ಬರೆದ, ನೀರಿರುವ ಕ್ರೀಮನ್ನು ನಾನು ನಂಬುವುದಿಲ್ಲ. ನೀರಿದ್ದಲ್ಲಿ ಬೂಷ್ಟು ಬರುತ್ತದೆ. ದಿನಾ ಬೆರಳು ಅದ್ದುವ ಡಬ್ಬಿಯಾದರಂತೂ ಇನ್ನೂ ಬೇಗ. ಸಾಧ್ಯವಾದರೆ ಟ್ಯೂಬ್ ತೆಗೆದುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ನಾನು ಜಗಳಕ್ಕೇ ನಿಲ್ಲುತ್ತೇನೆ. ವಾರದಲ್ಲಿ ಬೆಳ್ಳಗೆ ಮಾಡುವ ನೈಟ್ ಕ್ರೀಮ್ ಅಂತ ಯಾರೋ ಕೊಟ್ಟ, ಹಿಂದೆ ಪಟ್ಟಿಯೇ ಇಲ್ಲದ ಡಬ್ಬಿಗಳು. ಅಂಥವುಗಳಲ್ಲಿ ಪಾದರಸ ಸಿಕ್ಕಿದ್ದಿದೆ, ಅದು ಕಿಡ್ನಿ ಹಾಳುಮಾಡುತ್ತದೆ. ಇನ್ನು ಕೆಲವರು ಸ್ಟಿರಾಯ್ಡ್ ಇರುವ ಟ್ಯೂಬನ್ನೇ ನೈಟ್ ಕ್ರೀಮಿನ ಹಾಗೆ ಹಚ್ಚುತ್ತಾರೆ. ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್, ಈ ಹೆಸರು ಕಂಡರೆ ಅದು ಕ್ರೀಮಲ್ಲ, ಔಷಧಿ. ಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಟ್ಟರೆ ಉರಿ ಶುರುವಾಗುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ನಾನು ಕೊಡುವುದಿಲ್ಲ, ಬೈದರೂ ಸರಿ.

ಹೊಸ ಕ್ರೀಮ್ ತಂದರೆ ಚಿಕ್ಕ ಪ್ಯಾಕೇ ತನ್ನಿ. ಮೊಣಕೈ ಒಳಭಾಗದಲ್ಲಿ ಎರಡು ಮೂರು ರಾತ್ರಿ ಹಚ್ಚಿ ನೋಡಿ. ಘಮಘಮ ಅನ್ನುವವುಗಳ ಬಗ್ಗೆ ಸ್ವಲ್ಪ ಹುಷಾರು, ಗಿಡದಿಂದ ತೆಗೆದ ಸುಗಂಧ ತೈಲವೂ ಅಲರ್ಜಿ ತರಬಹುದು. ತುರಿಕೆ, ಉರಿ ಬಂದರೆ ತಕ್ಷಣ ನಿಲ್ಲಿಸಿ. ಕಡಿಮೆಯಾಗದೆ ಡಾಕ್ಟರ್ ಹತ್ತಿರ ಹೋಗುವಂತಾದರೆ ಆ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. "ಹಸಿರು ಮುಚ್ಚಳದ್ದು ಡಾಕ್ಟ್ರೇ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ.