ಅರಮನೆಯ ಬಾಗಿಲಲ್ಲಿ ಹಾಡಿದವರು

ಆಫ್ರೋಬೀಟ್ ಎಂಬ ಸಂಗೀತ ಪ್ರಕಾರವನ್ನು ಹುಟ್ಟುಹಾಕಿದ ನೈಜೀರಿಯದ ಗಾಯಕ ಫೆಲಾ ಕೂಟಿಯ ಹಾಡುಗಳನ್ನು ಕೇಳುವಾಗಲೆಲ್ಲ ನನಗೆ ಆತನ ತಾಯಿಯ ನೆನಪಾಗುತ್ತದೆ. ಆಫ್ರೋಬೀಟ್‌ನ ಚರಿತ್ರೆಯನ್ನು ಬರೆಯುವವರು ಪಶ್ಚಿಮ ಆಫ್ರಿಕಾದ ಹೈಲೈಫ್, ಅಮೆರಿಕದ ಜಾಝ್ ಮತ್ತು ಫಂಕ್, ಆತನ ಯೊರುಬಾ ಜನಾಂಗದ ತಾಳಗಳು, ಆತನ ತಂಡದ ಟೋನಿ ಅಲೆನ್ ನುಡಿಸಿದ ಡ್ರಮ್ ಇಷ್ಟನ್ನು ಹೇಳಿ ಮುಗಿಸುತ್ತಾರೆ. ಅದೆಲ್ಲವೂ ನಿಜ. ಆದರೆ ಅಧಿಕಾರಸ್ಥರ ಎದುರಿಗೇ ನಿಂತು ಅವರನ್ನು ಹಾಡಿನಲ್ಲಿ ಹಳಿಯುವ ಎದೆಗಾರಿಕೆ ಆ ಸಂಗೀತಕ್ಕೆ ಬಂದದ್ದು ನೈಜೀರಿಯದ ಅಬೆಯೊಕುಟಾದಲ್ಲಿ ಮಾರುಕಟ್ಟೆಯ ವ್ಯಾಪಾರದಿಂದ ಬದುಕುತ್ತಿದ್ದ ಹೆಂಗಸರಿಂದ ಎಂದು ನಾನು ನಂಬಿದ್ದೇನೆ.

1940ರ ದಶಕದಲ್ಲಿ ಬ್ರಿಟಿಷ್ ಆಡಳಿತವು ‘ಅಲಾಕೆ’ ಎಂದು ಕರೆಯಲಾಗುವ ಅಲ್ಲಿನ ಅರಸನ ಮೂಲಕ ಈ ಹೆಂಗಸರಿಂದಲೂ ತೆರಿಗೆ ವಸೂಲಿ ಮಾಡುತ್ತಿತ್ತು. ಯುದ್ಧಕಾಲದಲ್ಲಿ ಅವರ ಅಕ್ಕಿಯನ್ನೂ ಜಪ್ತಿ ಮಾಡಿಸಿತ್ತು. ಇಂಗ್ಲೆಂಡಿನಲ್ಲಿ ಓದಿ ಬಂದು ಶಿಕ್ಷಕಿಯಾಗಿದ್ದ ಫೆಲಾನ ತಾಯಿ ಫುನ್ಮಿಲಾಯೊ ರಾನ್ಸಮ್ ಕೂಟಿ ಮೊದಲು ಕಟ್ಟಿದ್ದು ವಿದ್ಯಾವಂತ ಸ್ತ್ರೀಯರ ಒಂದು ಕ್ಲಬ್ಬು. ವ್ಯಾಪಾರದ ಹೆಂಗಸರು ಜೊತೆಗೂಡಿದಂತೆ ಅದು ಅಬೆಯೊಕುಟಾ ಮಹಿಳಾ ಸಂಘವಾಗಿ ಬೆಳೆಯಿತು, ಆಕೆ ಪಾಶ್ಚಾತ್ಯ ಉಡುಪನ್ನು ಬಿಟ್ಟು ಅವರಂತೆಯೇ ಉಡತೊಡಗಿದಳು. ಅರಮನೆಯ ಮುಂದೆ ಸಾವಿರಾರು ಹೆಂಗಸರು ಸೇರಿ ಅರಸನನ್ನು ಹಂಗಿಸಿ ಹಾಡಿದರು. 1949ರ ಜನವರಿಯಲ್ಲಿ ಅಲಾಕೆ ಎರಡನೆಯ ಅಡೆಮೊಲಾ ಗದ್ದುಗೆ ಬಿಟ್ಟು ಹೋಗಬೇಕಾಯಿತು. ಫೆಲಾಗೆ ಆಗ 10 ವರ್ಷ.

ಇಂಥ ಮನೆಯಲ್ಲಿ ಬೆಳೆದವನಿಗೂ ತನ್ನ ನೆಲದ ಚರಿತ್ರೆಯ ಹಸಿವು ಹುಟ್ಟಿದ್ದು ಅಟ್ಲಾಂಟಿಕ್‌ನ ಆಚೆಗೆ ಹೋದ ಮೇಲೆ ಎಂಬುದು ವಿಚಿತ್ರ. 1958ರಲ್ಲಿ ಲಂಡನ್ನಿಗೆ ಸಂಗೀತ ಕಲಿಯಲು ಹೋಗಿದ್ದ ಫೆಲಾ, 1969ರಲ್ಲಿ ತನ್ನ ತಂಡದೊಂದಿಗೆ ಲಾಸ್ ಏಂಜಲೀಸ್ ತಲುಪಿದಾಗ, ಅಮೆರಿಕದ ಕಪ್ಪುಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಚಳವಳಿಯ ಒಡನಾಟವಿದ್ದ ಸ್ಯಾಂಡ್ರಾ ಇಜ್ಸಡೋರ್ ಆತನಿಗೆ ಕಪ್ಪುಜನರ ನಾಯಕ ಮಾಲ್ಕಮ್ ಎಕ್ಸ್‌ನ ಆತ್ಮಕಥೆಯನ್ನು ಓದಲು ಕೊಟ್ಟಳು. ಗುಲಾಮರಾಗಿ ಒಯ್ಯಲ್ಪಟ್ಟವರ ವಂಶಸ್ಥರು ಆಫ್ರಿಕಾವನ್ನು ಎಷ್ಟು ತೀವ್ರವಾಗಿ ಹಂಬಲಿಸುತ್ತಿದ್ದರೆಂಬುದು, ಆಫ್ರಿಕಾದಲ್ಲೇ ಹುಟ್ಟಿ ಬೆಳೆದ ಆತನಿಗೆ ಆ ಊರಿನಲ್ಲಿ ಅರಿವಾಯಿತು. ಲಾಗೋಸ್‌ಗೆ ಮರಳಿದ ಮೇಲೆ ಆತ ಹೆಚ್ಚಾಗಿ ಪಿಜಿನ್ ಇಂಗ್ಲಿಷಿನಲ್ಲಿ, ಅಂದರೆ ಜನಸಾಮಾನ್ಯರ ಬೆರಕೆ ಇಂಗ್ಲಿಷಿನಲ್ಲಿ, ಹಾಡತೊಡಗಿದ; ಯೊರುಬಾ ಬಾರದ ಕೂಲಿಯವನಿಗೂ ಅದು ಅರ್ಥವಾಗುತ್ತಿತ್ತು.

ಅರ್ಥವಾದದ್ದು ಕೂಲಿಯವರಿಗಷ್ಟೇ ಅಲ್ಲ. ಹೇಳಿದಂತೆ ಕೇಳುವ ಸೈನಿಕರನ್ನು ‘ಜಾಂಬಿ’, ಅಂದರೆ ನಡೆದಾಡುವ ಹೆಣ, ಎಂದು ಅಣಕಿಸಿದ ಹಾಡು ಜನಪ್ರಿಯವಾದ ಬಳಿಕ, 1977ರ ಫೆಬ್ರವರಿ 18ರಂದು ಸುಮಾರು 1,000 ಸೈನಿಕರು ಆತನ ‘ಕಲಕುಟಾ ಗಣರಾಜ್ಯ’ಕ್ಕೆ, ಅಂದರೆ ಬೇಲಿ ಹಾಕಿಕೊಂಡು ಸ್ವತಂತ್ರ ದೇಶವೆಂದು ಘೋಷಿಸಿಕೊಂಡಿದ್ದ ಆತನ ಮನೆಗೆ, ನುಗ್ಗಿ ಬೆಂಕಿಯಿಟ್ಟರು. 76 ವರ್ಷದ ಫುನ್ಮಿಲಾಯೊಳನ್ನು ಕಿಟಕಿಯಿಂದ ಕೆಳಕ್ಕೆಸೆದರು. ಆ ಏಟಿನಿಂದ ಚೇತರಿಸಿಕೊಳ್ಳದೆ ಆಕೆ ಮರುವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಳು. ಸರ್ಕಾರಿ ವಿಚಾರಣೆ ಅಪರಾಧವನ್ನು ಹೊರಿಸಿದ್ದು ‘ಅಪರಿಚಿತ ಸೈನಿಕ’ನ ಮೇಲೆ.

ಫೆಲಾನನ್ನು ಆರಾಧಿಸುವವರೊಡನೆ ನನಗೆ ಒಂದು ತಕರಾರಿದೆ. 1978ರಲ್ಲಿ ಆತ ಒಂದೇ ಸಮಾರಂಭದಲ್ಲಿ 27 ಹೆಂಗಸರನ್ನು ಮದುವೆಯಾದ. ಸೈನಿಕರ ದಾಳಿಯ ನಂತರ ಸಮಾಜದಲ್ಲಿ ಹೆಸರು ಕೆಟ್ಟ ತನ್ನ ತಂಡದ ಹುಡುಗಿಯರಿಗೆ ಅದರಿಂದ ರಕ್ಷಣೆ ಸಿಕ್ಕಿತೆಂದು ಸಮರ್ಥಿಸುವವರಿದ್ದಾರೆ. ಆ ವಾದ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಮನೆಯೊಳಗೆ ಆತನ ಯಜಮಾನಿಕೆ ಎಂಥದ್ದೆಂಬುದು ಗುಟ್ಟೇನಲ್ಲ, ಹೆಂಗಸು ಗಂಡಸಿಗೆ ಅಧೀನಳಾಗಿರಬೇಕೆಂದು ಆತ ಬಹಿರಂಗವಾಗಿಯೇ ಹೇಳುತ್ತಿದ್ದ. ಅಂಥ ತಾಯಿಯ ಮಗನಿಂದ ಈ ಮಾತು ಕೇಳಬೇಕಾಯಿತಲ್ಲ ಎಂಬ ಕಸಿವಿಸಿ, ಹಾಡು ಎಷ್ಟೇ ಹಿಡಿಸಿದರೂ, ನನ್ನನ್ನು ಬಿಟ್ಟಿಲ್ಲ.

ಆದರೂ ತಾಯಿ ಕಲಿಸಿದ ಒಂದು ಪಾಠವನ್ನು ಆತ ಮರೆತಿರಲಿಲ್ಲ. ಆಕೆ ಸತ್ತ ಬಳಿಕ ಆತ ತನ್ನವರೊಂದಿಗೆ ಶವಪೆಟ್ಟಿಗೆಯೊಂದನ್ನು ಹೊತ್ತು, ಸೇನಾಡಳಿತದ ಮುಖ್ಯಸ್ಥರಿದ್ದ ಡೋಡಾನ್ ಬ್ಯಾರಕ್ಸ್‌ಗೆ ಹೋಗಿ ಅಲ್ಲೇ ಇಳಿಸಿ ಬಂದ. ಆಮೇಲೆ ಅದನ್ನೇ 20 ನಿಮಿಷಕ್ಕೂ ಮೀರಿದ ಹಾಡಾಗಿ ಮಾಡಿ, ದಾರಿಯಲ್ಲಿ ಏನೇನಾಯಿತೆಂದು ಒಂದೊಂದಾಗಿ ಹೇಳುತ್ತ, ಹಿಮ್ಮೇಳದವರಿಂದಲೂ ಹಾಡಿಸಿದ.